ಶುಕ್ರವಾರದ ನರಿ

ಎಸಿ ಕೆಟ್ಟಿದ್ದರೆ ಒಂದನ್ನು ಒತ್ತಿ. ನಲ್ಲಿ ಸೋರುತ್ತಿದ್ದರೆ ಎರಡನ್ನು ಒತ್ತಿ. ಜಿರಳೆ, ಇಲಿ, ತಿಗಣೆಗಳ ಕಾಟವಿದ್ದರೆ ಮೂರನ್ನು ಒತ್ತಿ.

ಸರಿ. ನರಿ ಬಂದಿದ್ದರೆ?

ಕಳೆದ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾನು ಲುಂಗಿ ಎತ್ತಿ ಕಟ್ಟಿಕೊಂಡು, ಹಿತ್ತಿಲಲ್ಲಿ ಹರಡಿದ್ದ ಕೋಳಿಪುಕ್ಕಗಳ ನಡುವೆ ನಿಂತು, ಕಂಪೆನಿಯ ಮೇಂಟೆನೆನ್ಸ್ ಹೆಲ್ಪ್‌ಲೈನಿನ ಆ ರೆಕಾರ್ಡೆಡ್ ಹೆಂಗಸಿನ ಜತೆ ಜಗಳ ಕಾಯುತ್ತಿದ್ದೆ. ಕೊನೆಗೆ ಮೂರನ್ನೇ ಒತ್ತಿದೆ. (ನರಿ ಎಂದರೆ ಸ್ವಲ್ಪ ದೊಡ್ಡ ಇಲಿ ಎಂದು ಸಮಾಧಾನ ಮಾಡಿಕೊಂಡೆ.) ಪುಣ್ಯಕ್ಕೆ ಆ ಕಡೆಯಿಂದ ಒಬ್ಬ ಜೀವಂತ ಮನುಷ್ಯ ಸಿಕ್ಕಿದ.

"ಫಾಕ್ಸ್? ಆರ್ ಯೂ ಶೂರ್, ಸರ್? ಮೇ ಬಿ ಬಿಗ್ ಕ್ಯಾಟ್?"

ಶೂರ್ ಆಗದೆ ಇನ್ನೇನು? ನಮ್ಮ ಹುಂಜ ಮಾಯವಾಗಿತ್ತು. ಕೆಂಪಿ ಎಂಬ ಹೇಂಟೆಯ ಪುಕ್ಕ ಮಾತ್ರ ಉಳಿದಿತ್ತು. ಕೋಳಿಗೂಡಿನ ಮೂಲೆಯಲ್ಲಿ, ಬಲೆಯ ಅಡಿಯಿಂದ, ಮರಳಿನಲ್ಲಿ ಒಂದು ಚಂದದ ಸುರಂಗ. ಬೆಕ್ಕು ಹಾರುತ್ತದೆ, ನುಸುಳುತ್ತದೆ, ಆದರೆ ಸುರಂಗ ತೋಡುವುದನ್ನು ನಾನಂತೂ ಕಂಡಿಲ್ಲ.

ಈ ಅಂಕಣವನ್ನು ಓದುತ್ತಾ ಬಂದವರಿಗೆ ನಾನು ರುವೈಸಿನವನೆಂದು ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ಅಬುಧಾಬಿಯಿಂದ ಪಶ್ಚಿಮಕ್ಕೆ ಕಾರು ಓಡಿಸುತ್ತಾ, ಇನ್ನು ಊರೇ ಸಿಗಲಿಕ್ಕಿಲ್ಲ ಎಂದು ಬೇಸರ ಬರುವ ಹೊತ್ತಿಗೆ ಎದುರಾಗುವ ರಿಫೈನರಿ ಟೌನು ಇದು. ನಾನು ಪ್ಲಾಂಟಿನಲ್ಲಿ ಸೇಫ್ಟಿ ಆಫೀಸರ್. ಕಂಪೆನಿ ಕೊಟ್ಟ ಸಣ್ಣ ವಿಲ್ಲಾ, ಹಿಂದೆ ಒಂದು ತುಂಡು ಹಿತ್ತಿಲು, ಹಿತ್ತಿಲಿಗೊಂದು ಪಾಗಾರ, ಅಂದರೆ ಕಂಪೌಂಡ್ ಗೋಡೆ, ಪಾಗಾರದಾಚೆ ಕಣ್ಣು ಹೋದಷ್ಟು ದೂರ ಮರಳು. ಅಷ್ಟೇ ನಮ್ಮ ಸಾಮ್ರಾಜ್ಯ.

ಈ ಸಾಮ್ರಾಜ್ಯದ ರಾಣಿ ಶಶಿ, ನನ್ನ ಹೆಂಡತಿ. ಊರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವಳು. ಅವಳು ಕ್ಲಾಸಿಗೆ ಕಾಲಿಟ್ಟರೆ ಹುಡುಗರ ಕೆಮ್ಮು ಕೂಡ ನಿಲ್ಲುತ್ತಿತ್ತಂತೆ. ಇಲ್ಲಿ ಬಂದ ಮೇಲೆ ಅವಳ ಪಾಸ್‌ಪೋರ್ಟಿನಲ್ಲಿ ಒಂದು ಸ್ಟಾಂಪು ಬಿತ್ತು: ಹೌಸ್‌ವೈಫ್, ಕೆಲಸ ಮಾಡುವಂತಿಲ್ಲ. ಅದನ್ನು ಓದಿ ಶಶಿ ನಕ್ಕಿದ್ದಳು. "ಕೆಲಸ ಮಾಡದ ಹೌಸ್‌ವೈಫ್ ಅಂತೆ. ಬರೆದವನ ಮನೆಯಲ್ಲಿ ಅಡುಗೆ ಯಾರು ಮಾಡುದು?" ನಗು ನಿಂತ ಮೇಲೆ ಬಹಳ ದಿನ ಸುಮ್ಮನಿದ್ದಳು.

ಕೋಳಿ ಬಂದದ್ದು ಆ ಸುಮ್ಮನಿರುವಿಕೆಗೆ ಮದ್ದಾಗಿ. ಅಬುಧಾಬಿಯ ಅಲ್ ಮೀನಾ ಮಾರ್ಕೆಟಿಗೆ ಮೀನಿಗೆಂದು ಹೋದವರು, ಅಲ್ಲೇ ಹತ್ತಿರ ಜೀವಂತ ಹಕ್ಕಿಗಳನ್ನು ಮಾರುವಲ್ಲಿಂದ ಒಂದು ಹುಂಜ, ಎರಡು ಹೇಂಟೆ ತಂದೆವು. ನನ್ನ ಲೆಕ್ಕಾಚಾರ ಬೇರೆ ಇತ್ತು. ಫ್ರೀಜರಿನ ಕೋಳಿ ತಿಂದು ತಿಂದು ನಾಲಗೆ ಸತ್ತುಹೋಗಿತ್ತು, ರೊಟ್ಟಿಗೆ ಊರಕೋಳಿಯ ಸಾರು ಬೇಕಿತ್ತು. ಆದರೆ ಶಶಿ ಅವುಗಳಿಗೆ ಹೆಸರಿಟ್ಟಳು. ಹೆಸರಿಟ್ಟ ಕೋಳಿಯ ಸಾರು ಮಾಡುವವರುಂಟೇ? ನನ್ನ ಸಾರು ಅಲ್ಲಿಗೆ ಖಲಾಸ್.

ಹೌಸಿಂಗ್ ಆಫೀಸಿನವರು ನೋಡಿಯೂ ನೋಡದ ಹಾಗಿದ್ದರು, ಪುಣ್ಯಾತ್ಮರು. ಬೆಳಗಿನ ಬಾಂಗಿನ ಜತೆ ನಮ್ಮ ಹುಂಜವೂ ಕೂಗುತ್ತಿತ್ತು. ಶಶಿ ಎದ್ದು ಅವುಗಳ ಜತೆ ಮಾತಾಡುತ್ತಿದ್ದಳು. ಮಧ್ಯಾಹ್ನ ಮಾತಾಡುತ್ತಿದ್ದಳು. ಸಂಜೆ ನಾನು ಬಂದ ಮೇಲೆ ನನ್ನ ಜತೆಗೂ ಸ್ವಲ್ಪ ಮಾತಾಡುತ್ತಿದ್ದಳು.

ನರಿ ಬಂದಾಗ ಕಪ್ಪಿ ಎಂಬ ಹೇಂಟೆ ಕಾವಿಗೆ ಕೂತಿತ್ತು. ಗೂಡಿನ ಒಳಗೇ, ಮುಚ್ಚಳವಿದ್ದ ಒಂದು ಮರದ ಪೆಟ್ಟಿಗೆಯಲ್ಲಿ. ಮುಚ್ಚಳದಿಂದಾಗಿ ಉಳಿಯಿತು. ಕಾವಿಗೆ ಕೂತ ಕೋಳಿಯನ್ನು ಕದಲಿಸುವಂತಿಲ್ಲ ಎಂದು ಊರಿನಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಜಾಗ ಬದಲಿಸಿದರೆ ಸಿಟ್ಟಾಗಿ ಎದ್ದು ಹೋಗುತ್ತದೆ, ಮತ್ತೆ ಕೂರುವ ಖಾತ್ರಿಯಿಲ್ಲ. ಇತ್ತ ಹುಂಜವೂ ಹೋಯಿತು. ಅಂದರೆ ಕಪ್ಪಿಯ ಅಡಿಯಲ್ಲಿದ್ದ ಮೊಟ್ಟೆಗಳೇ ಕೊನೆಯವು. ಅವು ಮರಿಯಾದರೆ ಶಶಿಯ ಕೋಳಿಗಳು ಮುಂದುವರಿಯುತ್ತವೆ, ಇಲ್ಲದಿದ್ದರೆ ಇಲ್ಲ.

"ಇದು ಒಂದು ಉಳೀಬೇಕು" ಎಂದಳು ಶಶಿ. ಪುಕ್ಕ ಗುಡಿಸುತ್ತಿದ್ದಳು. ಅಳುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ, ಮುಖ ಆಚೆ ತಿರುಗಿಸಿದ್ದಳು. "ನೀವು ಎಂತ ಬೇಕಾದ್ರೂ ಮಾಡಿ. ಇದು ಉಳೀಬೇಕು."

ಸೇಫ್ಟಿ ಆಫೀಸರ್ ಗಂಡನಿಗೆ ಇಂಥದ್ದೊಂದು ಆಜ್ಞೆ ಸಿಕ್ಕಿದರೆ ಕೇಳಬೇಕೇ? ನಾನು ಟಾರ್ಚು ತಂದೆ. ಗೂಡಿನ ಸುತ್ತ ಇಟ್ಟಿಗೆ ಪೇರಿಸಿದೆ. ಸುರಂಗಕ್ಕೆ ಕಲ್ಲು ತುಂಬಿದೆ. ಗೇಟಿಗೆ ಪ್ಲಾಂಟಿನಿಂದ ಹಳೆಯ ಕೆಂಪು ಟೇಪು ತಂದು ಕಟ್ಟಿದೆ, 'ಡೇಂಜರ್, ನೋ ಎಂಟ್ರಿ' ಎಂದು ಎರಡು ಭಾಷೆಯಲ್ಲಿ ಬರೆದದ್ದು. ಮಗಳು ಅನ್ವಿ ಅದನ್ನು ನೋಡಿ, "ಅಪ್ಪಾ, ಫಾಕ್ಸಸ್ ಕಾಂಟ್ ರೀಡ್" ಎಂದು ಹೇಳಿ ಸ್ಕೂಲ್ ಬಸ್ಸು ಹತ್ತಿದಳು.

ಶಶಿ ಮಾತ್ರ ಟೀಚರಳ ಹಾಗೆ ಕ್ರಮವಾಗಿ ಹೊರಟಳು. ಇಂಟರ್ನೆಟ್ಟಿನಲ್ಲಿ ಕೂತು ಅಮೆರಿಕದವರ ಕೋಳಿಪುರಾಣವನ್ನೆಲ್ಲ ಓದಿದಳು. ಅಲ್ಲಿ ಹಿತ್ತಿಲ ಕೋಳಿಗೆ ಶತ್ರು ಕಯೋಟಿ ಎಂಬ ಪ್ರಾಣಿಯಂತೆ. ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು, ನಮ್ಮ ಕಡೆಯವರು ಯಾರೂ ಕಂಡದ್ದಲ್ಲ. ಅವರ ಕಷ್ಟ ನೋಡಿ ಶಶಿಗೆ ಸ್ವಲ್ಪ ಧೈರ್ಯ ಬಂತು. ನಾವು ಬಳಸಿದ ತೆಳ್ಳಗಿನ ಬಲೆ ಕೋಳಿಯನ್ನು ಒಳಗಿಡಲು ಮಾತ್ರ ಲಾಯಕ್ಕು, ನರಿಯನ್ನು ಹೊರಗಿಡಲು ಅಲ್ಲ. ಗಟ್ಟಿ ತಂತಿಯ ವೆಲ್ಡ್ ಮೆಶ್ ಬೇಕು. ಅದನ್ನು ಗೂಡಿಗೆ ಹೊಡೆದರೆ ಸಾಲದು, ಗೂಡಿನ ಬುಡದಿಂದ ಹೊರಕ್ಕೆ ನೆಲದ ಮೇಲೆ ಚಾಪೆಯಂತೆ ಹಾಸಿ, ಮೇಲೆ ಮರಳು ಮುಚ್ಚಬೇಕು. ಅಗೆಯುವ ಪ್ರಾಣಿ ಯಾವಾಗಲೂ ಗೋಡೆಗೆ ಮೂತಿ ತಾಗಿಸಿಯೇ ಅಗೆಯುವುದು. ಅಡಿಯಲ್ಲಿ ತಂತಿ ಸಿಕ್ಕಿದರೆ ನಾಲ್ಕು ಹೆಜ್ಜೆ ಹಿಂದೆ ಬಂದು ಶುರುಮಾಡೋಣ ಎಂದು ಅದಕ್ಕೆ ಹೊಳೆಯುವುದಿಲ್ಲ.

"ಮೊದಲನೇ ಪಾಯಿಂಟ್ ಎಲ್ಲರದ್ದೂ ಒಂದೇ" ಎಂದಳು. "ತಿನ್ನುವ ವಸ್ತು ಹೊರಗೆ ಇಡ್ಬೇಡಿ ಅಂತ."

"ನಾವೆಲ್ಲಿ ಇಡ್ತೇವೆ?" ಎಂದೆ ನಾನು.

"ಹೌದು, ನಮಗೆ ಅದು ಅನ್ವಯ ಇಲ್ಲ" ಎಂದು ಅವಳೂ ಒಪ್ಪಿದಳು. ಎರಡನೇ ಪಾಯಿಂಟಿಗೆ ಹೋದೆವು.

ಈಗ ನಮ್ಮ ಶುಕ್ರವಾರದ ಬಗ್ಗೆ ಹೇಳಬೇಕು. ಕರಾವಳಿಯವರಿಗೆ ಶುಕ್ರವಾರ ರಜೆ ಎಂದರೆ ಮೀನು. ನಮ್ಮ ಬಳಗದಲ್ಲಿ ಆ ವಾರ ಯಾರು ಅಬುಧಾಬಿಗೆ ಹೋಗಿದ್ದಾರೋ ಅವರು ಅಲ್ ಮೀನಾದಿಂದ ಎಲ್ಲರ ಪಾಲಿನ ಮೀನನ್ನು ಐಸ್ ಡಬ್ಬಿಯಲ್ಲಿ ತರುತ್ತಾರೆ. ಬಂಗುಡೆ, ಬೂತಾಯಿ, ಅದೃಷ್ಟ ಚೆನ್ನಾಗಿದ್ದರೆ ಅಂಜಲ್. ಅಲ್ಲೇ ಕಾಸು ಕೊಟ್ಟರೆ ಕ್ಲೀನ್ ಮಾಡಿ ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ಅಯ್ಯೋ, ಆ ಮಾತನ್ನು ನಮ್ಮ ಹೆಂಗಸರ ಎದುರು ಆಡಬೇಡಿ. ಮಾರ್ಕೆಟಿನವರು ತಲೆ ಕತ್ತರಿಸಿ ಎಸೆಯುತ್ತಾರೆ! ಬಂಗುಡೆಯ ತಲೆ ಇಲ್ಲದ ಸಾರು ಸಾರೇ? ಹಾಗಾಗಿ ಮೀನು ಇಡಿಯಾಗಿಯೇ ಬರುತ್ತದೆ.

ಉಳಿದವರೆಲ್ಲ ಫ್ಲಾಟುಗಳಲ್ಲಿರುವವರು. ಸಿಂಕಿನಲ್ಲಿ ಮೀನು ಮಾಡಿದರೆ, ಅಂದರೆ ಕೊಯ್ದು ತೊಳೆದರೆ, ಎಸಿಯ ಗಾಳಿಯೊಡನೆ ಬೆಡ್‌ರೂಮಿನ ದಿಂಬಿನವರೆಗೂ ವಾಸನೆ. ಹಿತ್ತಿಲು, ಹಿತ್ತಿಲಲ್ಲೊಂದು ನಲ್ಲಿ ಇರುವುದು ನಮ್ಮಲ್ಲಿ. ಪ್ರತಿ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಆ ನಲ್ಲಿಯ ಸುತ್ತ ಕತ್ತಿ, ತಟ್ಟೆ, ಕತ್ತರಿಗಳ ಜಾತ್ರೆ. ಫೆಲಿಕ್ಸ್, ಕೊಂಕಣಿಯವನು, ಪ್ಲಾಂಟಿನಲ್ಲಿ ನನ್ನ ಜತೆ ಇರುವವನು, ಮೀನಿನ ಮೈಯ ಹುರುಪೆ ತೆಗೆಯುವುದರಲ್ಲಿ ಎತ್ತಿದ ಕೈ. ಝೊಹರಾ, ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು, ಬೂತಾಯಿಯನ್ನು ಕತ್ತಿಯಿಲ್ಲದೆ ಬೆರಳಿನಲ್ಲೇ ಬಿಡಿಸುತ್ತಾಳೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಅಲ್ಲಿ ಒಂದೇ ನೀರಿನಲ್ಲಿ ಹರಿಯುತ್ತವೆ. ಶಶಿಗೆ ವಾರದಲ್ಲಿ ದೊಡ್ಡವರ ಜತೆ ಮನಸಾರೆ ಹರಟೆ ಸಿಗುವುದು ಅದೊಂದೇ ಹೊತ್ತು.

ಕೆಲಸ ಮುಗಿದ ಮೇಲೆ ಕರುಳು, ಕಿವಿರು, ರೆಕ್ಕೆ? ಅದನ್ನೆಲ್ಲ ಎಸೆಯುವವರು ಯಾರು! ನಮ್ಮ ಅಮ್ಮಂದಿರು ಎಸೆದಿದ್ದಾರೆಯೇ? ಮೀನು ತೊಳೆದ ನೀರು ಮಲ್ಲಿಗೆಗೆ, ಉಳಿದದ್ದು ಕರಿಬೇವಿನ ಬುಡಕ್ಕೆ. ಗುಂಡಿ ತೋಡಿ ಹೂಳುವ ಕೆಲಸ ನನ್ನದು. ಮರಳಿನಲ್ಲಿ ನಮ್ಮ ಕರಿಬೇವು ಬೆಳೆದದ್ದು ನೋಡಿದರೆ ನೀವು ಬೆಕ್ಕಸ ಬೆರಗಾಗಬೇಕು. ರುವೈಸಿನ ಕನ್ನಡದ ಮನೆಗಳಿಗೆಲ್ಲ ಒಗ್ಗರಣೆಗೆ ಸೊಪ್ಪು ಹೋಗುವುದು ನಮ್ಮಿಂದ. (ಇದರಲ್ಲಿ ನನಗೆ ಸ್ವಲ್ಪ ಜಂಬವಿದೆ, ಇರಲಿ ಬಿಡಿ.)

ಆ ಕರಿಬೇವಿನ ಪಕ್ಕದಲ್ಲೇ, ಅದರ ನೆರಳಿಗೆಂದು, ಕೋಳಿಗೂಡು ಇದೆ. ಅದನ್ನು ನಾನು ಇಷ್ಟು ಹೊತ್ತು ಹೇಳಿರಲಿಲ್ಲ. ಏಕೆಂದರೆ ಇಷ್ಟು ಹೊತ್ತು ನಾನೂ ಅದನ್ನು ಯೋಚಿಸಿರಲಿಲ್ಲ.

ಗುರುವಾರ ನಾನು ಅರ್ಧ ರಜೆ ಹಾಕಿ ಕಾದಿದ್ದೆ, ಮಧ್ಯಾಹ್ನ ಪೆಸ್ಟ್ ಕಂಟ್ರೋಲಿನವನು ಬಂದ. ಬಿಹಾರದ ಕಡೆಯವನು, ಒಳ್ಳೆಯ ಮನುಷ್ಯ, ಬಿಸಿಲಿಗೆ ಬಾಡಿಹೋಗಿದ್ದ. ಶಶಿ ಮಜ್ಜಿಗೆ ಕೊಟ್ಟಳು. ವ್ಯಾನಿನಿಂದ ಒಂದು ಕಬ್ಬಿಣದ ಬೋನು ಇಳಿಸಿ ಗೂಡಿನ ಹತ್ತಿರ ಇಟ್ಟ. ಒಳಗೆ ಹೋದರೆ ಬಾಗಿಲು ತಾನಾಗಿ ಬೀಳುವಂಥದ್ದು.

"ಹಿಡಿದು ಎಲ್ಲಿಗೆ ಬಿಡ್ತೀರಿ?" ಶಶಿ ಹಿಂದಿಯಲ್ಲಿ ಕೇಳಿದಳು.

"ದೂರ್, ಮೇಡಂ. ಡೆಸರ್ಟ್ ಮೇ."

ಶಶಿ ಪಾಗಾರದಾಚೆ ನೋಡಿದಳು. ಅವನೂ ನೋಡಿದ. ಅಲ್ಲಿ ಮರಳಲ್ಲದೆ ಬೇರೇನೂ ಇರಲಿಲ್ಲ. ಅವನಿಗೂ ನಗು ಬಂತು.

ಆಮೇಲೆ ಅವನು ಬೋನಿನ ಕೊಕ್ಕೆ ಸರಿಮಾಡುತ್ತಾ ಕೇಳಿದ: "ಮೇಡಂ, ಘರ್ ಮೇ ಮಛಲಿ ಹೈ ಕ್ಯಾ?" ಮನೆಯಲ್ಲಿ ಮೀನು ಉಂಟಾ ಅಂತ. ಮೀನು ಬೇಡ, ಹೊಟ್ಟೆಯೊಳಗಿನ ವೇಸ್ಟ್ ಇದ್ದರೂ ಸಾಕು, ಆ ವಾಸನೆ ಹಿಡಿದು ನರಿ ಎಷ್ಟು ದೂರದಿಂದಲೂ ಬರುತ್ತದೆ, ಬೋನಿಗೆ ಅದಕ್ಕಿಂತ ಒಳ್ಳೆಯ ಆಮಿಷವಿಲ್ಲ ಎಂದ.

ಶಶಿ ಬೋನಿನಿಂದ ಕಣ್ಣೆತ್ತಿದಳು. ಕರಿಬೇವಿನ ಬುಡವನ್ನು ನೋಡಿದಳು. ನಾನೂ ನೋಡಿದೆ. ಹಿಂದಿನ ಶನಿವಾರಗಳಂದು ಆ ಬುಡದಲ್ಲಿ ಕೆದಕಿದ ಗುರುತು ಕಂಡು ಬೆಕ್ಕುಗಳಿಗೆ ಬೈದದ್ದು ನೆನಪಾಯಿತು. ಹುಂಜ ಹೋದದ್ದೂ ಶುಕ್ರವಾರ ರಾತ್ರಿಯೇ.

"ಎಲ್ಲ ಶನಿವಾರವೇ, ಅಲ್ವಾ?" ಎಂದಳು ಮೆಲ್ಲಗೆ.

ನಾನು ತಲೆಯಾಡಿಸಿದೆ.

"ಅಂದ್ರೆ ವಾರ ವಾರ ನಾವೇ ಊಟ ಹಾಕಿದ್ದು. ಕೋಳಿ ಬಾಗಿಲಲ್ಲಿ ಎಲೆ ಹಾಕಿ ಬಡಿಸಿದ್ದು. ಮತ್ತೆ ಬಂದದ್ದು ಯಾಕೆ ಅಂತ ಕಂಪ್ಲೇಂಟ್." ಅವಳು ನನ್ನ ಕಡೆ ತಿರುಗಿದಳು. "ನೀವು ಪ್ಲಾಂಟಿನಲ್ಲಿ ಕ್ಲಾಸ್ ತಕೊಳ್ಳುವಾಗ ಮೊದಲು ಎಂತ ಹೇಳುದು?"

ಓದುಗರೇ, ಅದು ನನ್ನ ದಿನನಿತ್ಯದ ಪಾಠ. ಹೊಸ ಕೆಲಸಗಾರರಿಗೆ ಮೊದಲ ದಿನವೇ ಹೇಳುತ್ತೇನೆ: ಮೊದಲು ಅಪಾಯದ ಮೂಲವನ್ನೇ ತೆಗೆಯಿರಿ. ಆಗದಿದ್ದರೆ ಬೇಲಿ ಹಾಕಿ. ಹೆಲ್ಮೆಟ್ಟು, ಗ್ಲೌಸು ಎಲ್ಲ ಕೊನೆಗೆ. ನನ್ನ ಸ್ವಂತ ಹಿತ್ತಿಲಲ್ಲಿ ನಾನು ಕೆಂಪು ಟೇಪಿನಿಂದ ಶುರುಮಾಡಿದ್ದೆ.

ಶಶಿ ಬೋನನ್ನು ವಾಪಸ್ ಕೊಟ್ಟಳು. ಅವನಿಗೆ ಅರ್ಥವಾಗಲಿಲ್ಲ, ಇನ್ನೊಂದು ಲೋಟ ಮಜ್ಜಿಗೆ ಕುಡಿದು ಹೋದ. ನನಗೂ ಆಗ ಪೂರ್ತಿ ಒಪ್ಪಿಗೆಯಿರಲಿಲ್ಲ, ನಿಜ ಹೇಳುತ್ತೇನೆ. ಎದುರಿಗೆ ಬೋನು ಇತ್ತು. ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸ. ಶಶಿ ಮಾತ್ರ, ಈ ನರಿಯನ್ನು ಹಿಡಿದರೆ ವಾಸನೆಗೆ ಮುಂದಿನ ವಾರ ಇನ್ನೊಂದು ಬರುತ್ತದೆ, ಅದನ್ನೂ ಹಿಡಿಯುತ್ತೀರಾ ಎಂದಳು. ಪ್ಲಾಂಟಿನಲ್ಲಾಗಿದ್ದರೆ ಇದನ್ನೇ ನಾನು ಬೇರೆಯವರಿಗೆ ಹೇಳುತ್ತಿದ್ದೆ.

ಆ ಸಂಜೆ ನಾನು ಮೂಗಿಗೆ ಬೈರಾಸು ಕಟ್ಟಿಕೊಂಡು ಕರಿಬೇವಿನ ಬುಡವನ್ನೆಲ್ಲ ಅಗೆದು, ಹೂತಿದ್ದ ಮೀನಿನ ಕರುಳನ್ನೆಲ್ಲ ತೆಗೆದೆ. ವಿವರ ಬೇಡ. ಮರುದಿನ ಫೆಲಿಕ್ಸ್ ತನ್ನ ಪಿಕಪ್ಪಿನಲ್ಲಿ ವೆಲ್ಡ್ ಮೆಶ್ ತಂದ. ಗೂಡಿಗೆ ಹೊಡೆದು, ಸುತ್ತ ನೆಲಕ್ಕೆ ಹಾಸಿ, ಅಂಚುಗಳನ್ನು ತಂತಿಯಿಂದ ಬಿಗಿದು, ಮರಳು ಮುಚ್ಚಿದೆವು. ಪೆಟ್ಟಿಗೆಯಲ್ಲಿದ್ದ ಕಪ್ಪಿ ನಮ್ಮ ಸುತ್ತಿಗೆಯ ಸದ್ದಿಗೆ ಪುಕ್ಕ ಕೆದರಿಕೊಂಡು ಗುರ್ ಎಂದಿತೇ ಹೊರತು ಏಳಲಿಲ್ಲ. ಅಷ್ಟರಲ್ಲಿ ಉಳಿದವರು ಮೀನು ಹಿಡಿದುಕೊಂಡು ಬಂದರು. ಕಷ್ಟದ ಕೆಲಸ ಶುರುವಾದದ್ದು ಆಗಲೇ.

ಶಶಿ ಕ್ಲಾಸ್ ಟೀಚರಳ ದನಿಯಲ್ಲಿ ಹೇಳಿದಳು: "ಮೀನು ಇಲ್ಲೇ ಮಾಡುವ. ಆದ್ರೆ ಇನ್ನು ಮೇಲೆ ಇಲ್ಲಿ ಹೂಳುದಿಲ್ಲ. ಅವರವರ ಮೀನಿನ ಕರುಳು ಅವರವರೇ ಕಟ್ಟಿಕೊಂಡು ಹೋಗ್ಬೇಕು. ಮನೆಯಲ್ಲಿ ಫ್ರೀಜರಿಗೆ ಹಾಕಿ. ಕಸದ ಲಾರಿ ಬರುವ ದಿನ ಬೆಳಿಗ್ಗೆ ತೆಗೆದು ಹಾಕಿ. ಆಗ ವಾಸನೆಯೂ ಇಲ್ಲ, ನರಿಯೂ ಇಲ್ಲ."

ಝೊಹರಾ ನಲ್ಲಿ ನಿಲ್ಲಿಸಿದಳು.

"ಫ್ರೀಜರಿಗಾ?" ಎಂದಳು ಝೊಹರಾ. "ಐಸ್‌ಕ್ರೀಮಿನ ಪಕ್ಕದಲ್ಲಾ? ಅಲ್ಲ ಶಶಿಯಕ್ಕ, ನನ್ನ ಮಕ್ಕಳು ಎಂತ ಹೇಳ್ಲಿಕ್ಕಿಲ್ಲ!"

"ನಾನು ಅದನ್ನು ಮನೆಗೆ ತಕೊಂಡು ಹೋದ್ರೆ ಹೆಂಡತಿ ನನ್ನನ್ನೇ ಹೊರಗೆ ಹಾಕ್ತಾಳೆ" ಎಂದ ಫೆಲಿಕ್ಸ್. ಮೊದಲು ತಮಾಷೆಗೆ ಹೇಳಿದ್ದು, ಆಮೇಲೆ ದನಿ ಗಡುಸಾಯಿತು. "ಒಂದು ಕೋಳಿಗೆ ಬೇಕಾಗಿ ಇಷ್ಟೆಲ್ಲಾ ಯಾಕೆ ಶಶಿಯಕ್ಕ? ಆ ಬೋನು ಇಡ್ಲಿಕ್ಕೆ ಆಗುದಿಲ್ವಾ? ನಾಲ್ಕು ಜನ ಸೇರುದೇ ಇಲ್ಲಿ. ಅದು ಸಹ ಖಲಾಸ್ ಆಗ್ತದೆ ನೋಡಿ."

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಶಶಿಯ ಮುಖ ಚಿಕ್ಕದಾಯಿತು. ಕಪ್ಪಿಯನ್ನು ಉಳಿಸಲು ಹೋಗಿ ಶುಕ್ರವಾರವನ್ನು ಕಳೆದುಕೊಂಡರೆ? ಅದೂ ಅವಳದ್ದೇ ನಷ್ಟ. ವಾರದ ಉಳಿದ ದಿನಗಳಲ್ಲಿ ಅವಳಿಗೆ ಮಾತಿಗೆ ಕೋಳಿ, ಶುಕ್ರವಾರ ಒಂದು ದಿನ ಮನುಷ್ಯರು. ಎರಡರಲ್ಲಿ ಒಂದು ಆರಿಸು ಎಂದರೆ ಏನು ಮಾಡುತ್ತಾಳೆ? ನನಗೆ ಫೆಲಿಕ್ಸನ ಮೇಲೆ ಸಿಟ್ಟು ಬಂತು. ಹಾಗೆಯೇ, ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ ಎಂದೂ ಅನ್ನಿಸಿತು.

ಆಗ ನಾನು ಗಮನಿಸಿದ್ದು ಒಂದು. ನಾವು ಗಲ್ಫಿನವರು ಹಂಚಿಕೊಂಡು ಬದುಕುವುದರಲ್ಲಿ ಎಕ್ಸ್‌ಪರ್ಟುಗಳು. ಕಾರು ಹಂಚಿಕೊಳ್ಳುತ್ತೇವೆ, ಊರಿನಿಂದ ಬಂದ ಹಪ್ಪಳ ಹಂಚಿಕೊಳ್ಳುತ್ತೇವೆ, ಏರ್‌ಪೋರ್ಟಿನಲ್ಲಿ ಲಗೇಜಿನ ತೂಕವನ್ನೂ ಹಂಚಿಕೊಳ್ಳುತ್ತೇವೆ. ಮೀನು ಅಂತೂ ತುಂಡು ತುಂಡಾಗಿ ಹಂಚುತ್ತೇವೆ. ಆದರೆ ಕರುಳು? ಅದು ಮಾತ್ರ ಯಾರಾದರೊಬ್ಬರ ಹಿತ್ತಿಲಿಗೆ. ಇದು ಮೀನಿನ ವಿಷಯ ಮಾತ್ರವೇ? ಫ್ಲಾಟಿನ ವಾಟ್ಸಾಪ್ ಗ್ರೂಪಿನಲ್ಲಿ ಇಲಿ ಬಂತು, ಇಲಿ ಬಂತು ಎಂದು ಬೊಬ್ಬೆ ಹೊಡೆಯುವವರೇ ಕಸದ ಚೀಲವನ್ನು ಲಿಫ್ಟಿನ ಪಕ್ಕ ಇಟ್ಟುಹೋಗುತ್ತಾರೆ. ಊಟ ಮಾಡಿಸುವಾಗ ಮಗುವಿನ ಕೈಗೆ ಟ್ಯಾಬ್ ಕೊಟ್ಟವರೇ ಮಗು ಮಾತಾಡುವುದಿಲ್ಲ ಎಂದು ಡಾಕ್ಟರ ಹತ್ತಿರ ಹೋಗುತ್ತಾರೆ. ಬಂದದ್ದರ ಮೇಲೆ ನಮಗೆಲ್ಲ ಸಿಟ್ಟು. ಕರೆದದ್ದರ ನೆನಪು ಯಾರಿಗೂ ಇಲ್ಲ.

ಅಂದು ಶಶಿ ಎಲ್ಲರ ಕರುಳನ್ನೂ ತಾನೇ ಒಂದು ಚೀಲಕ್ಕೆ ತುಂಬಿ ನಮ್ಮ ಫ್ರೀಜರಿನಲ್ಲಿಟ್ಟಳು. ಅದಕ್ಕೆ ಜಾಗ ಮಾಡಲು ಅನ್ವಿಯ ಐಸ್‌ಕ್ರೀಮ್ ಡಬ್ಬಿ ಹೊರಗೆ ಬಂತು. "ದಿಸ್ ಈಸ್ ಸೋ ಅನ್‌ಫೇರ್" ಎಂದಳು ಅನ್ವಿ, ಎಲ್ಲರೂ ಕೇಳುವ ಹಾಗೆ. ಯಾರೂ ನಗಲಿಲ್ಲ.

ಹೊರಡುವ ಹೊತ್ತಿಗೆ ಸೂರ್ಯಾಸ್ತದ ಮಗ್ರಿಬ್ ಬಾಂಗ್ ಆಗಿತ್ತು. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದ ಝೊಹರಾ ತಟ್ಟನೆ ಶಶಿಯ ಕೈ ಹಿಡಿದಳು. ನಾವೆಲ್ಲ ಇಣುಕಿದೆವು.

ಪಾಗಾರದ ಮೇಲೆ ನರಿ ಕೂತಿತ್ತು.

ನಾನು ಏನೋ ದೊಡ್ಡದನ್ನು ಕಲ್ಪಿಸಿಕೊಂಡಿದ್ದೆ. ಇದು ಸಣಕಲು, ಮರಳಿನದೇ ಬಣ್ಣ, ಮುಖಕ್ಕಿಂತ ಕಿವಿಯೇ ದೊಡ್ಡದು. ಕೆಳಗೆ ಹಾರಿತು. ಗೂಡಿನ ಕಡೆ ನೋಡಲೂ ಇಲ್ಲ, ನೇರ ಕರಿಬೇವಿನ ಬುಡಕ್ಕೆ ಬಂತು. ಅಗೆಯಿತು. ಇನ್ನೂ ಅಗೆಯಿತು. ಏನೂ ಸಿಗಲಿಲ್ಲ. ಹೊಟ್ಟೆಯ ಅಡಿಯಲ್ಲಿ ಜೋತ ಮೊಲೆಗಳು ಕಂಡವು. ಎಲ್ಲೋ ಮರಿಗಳಿವೆ.

"ಅಯ್ಯೋ, ಬಾಣಂತಿ" ಎಂದಳು ಝೊಹರಾ ಪಿಸುಗುಟ್ಟುತ್ತಾ.

ಆಮೇಲೆ ಅದು ಗೂಡಿನ ಕಡೆ ತಿರುಗಿತು. ಗೂಡಿನ ಗೋಡೆಗೆ ಮೂತಿ ತಾಗಿಸಿ ಕೆರೆಯಲು ಶುರುಮಾಡಿತು. ಮರಳು ಹಾರಿತು, ತಂತಿಗೆ ಉಗುರು ತಾಗಿದ ಸದ್ದು ಬಂತು. ಇನ್ನೊಂದು ಬದಿಗೆ ಹೋಯಿತು, ಅಲ್ಲೂ ತಂತಿ. ಒಳಗೆ ಪೆಟ್ಟಿಗೆಯಲ್ಲಿ ಕಪ್ಪಿ ಇತ್ತು, ಮೊಟ್ಟೆ ಬಿಟ್ಟು ಏಳದೆ. ಹೊರಗೆ ಇದು, ಮರಿಗಳಿಗೆ ಏನೂ ಸಿಗದೆ. ನನಗೆ ಯಾರ ಪಕ್ಷ ವಹಿಸಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಅದು ಕರಿಬೇವಿನ ಹತ್ತಿರ ವಾಪಸ್ ಬಂದು, ಅಗೆದ ಗುಂಡಿಯನ್ನು ಮತ್ತೊಮ್ಮೆ ಮೂಸಿ, ಪಾಗಾರ ಹಾರಿ ಹೋಯಿತು.

ಶಶಿ ಅಳುತ್ತಿದ್ದಳು. ಈ ಸಲ ಮುಖ ತಿರುಗಿಸಲಿಲ್ಲ. "ನಾವೇ ಅಭ್ಯಾಸ ಮಾಡಿಸಿದ್ದು" ಎಂದಳು. ಫೆಲಿಕ್ಸ್ ಪಿಕಪ್ಪಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ.

ಮುಂದಿನ ವಾರದಲ್ಲಿ ಕಪ್ಪಿಯ ಪೆಟ್ಟಿಗೆಯಿಂದ ಚಿಂವ್‌ಚಿಂವ್ ಕೇಳಿಸಿತು. ಕೆಲವು ಮೊಟ್ಟೆ ಒಡೆಯಲಿಲ್ಲ, ಒಡೆದವು ಸಾಕಷ್ಟಿದ್ದವು. ಅನ್ವಿ ಐಸ್‌ಕ್ರೀಮ್ ಮರೆತಳು. ಶಶಿ ನನಗೆ ಪ್ಲಾಂಟಿಗೇ ಫೋನ್ ಮಾಡಿದಳು, ಮೀಟಿಂಗಿನ ಮಧ್ಯೆ. ಏನಾಯಿತು ಎಂದು ಗಾಬರಿಯಿಂದ ಎತ್ತಿದರೆ ಅವಳು ಮಾತಾಡದೆ ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದಿದ್ದಳು.

ಆ ಶುಕ್ರವಾರ ಯಾರಾದರೂ ಬರುತ್ತಾರೋ ಇಲ್ಲವೋ ಎಂಬ ಅಳುಕು ನಮಗಿಬ್ಬರಿಗೂ ಇತ್ತು. ಶಶಿ ಬೆಳಿಗ್ಗೆಯೇ ನಲ್ಲಿಯ ಸುತ್ತ ತೊಳೆದಿಟ್ಟು, ಗೇಟಿನ ಕಡೆ ನೋಡದವಳಂತೆ ನೋಡುತ್ತಿದ್ದಳು. ಮೊದಲು ಝೊಹರಾ ಬಂದಳು, ಕೈಯಲ್ಲಿ ಮುಚ್ಚಳ ಬಿಗಿಯುವ ಖಾಲಿ ಡಬ್ಬಿ. "ಐಸ್‌ಕ್ರೀಮಿನದ್ದೇ ಡಬ್ಬಿ, ಮಕ್ಕಳಿಗೆ ಹೇಳ್ಬೇಡಿ" ಎಂದು ನಕ್ಕಳು. ಆಮೇಲೆ ಉಳಿದವರು. ಕೊನೆಗೆ ಫೆಲಿಕ್ಸ್, ಮೀನಿನ ಐಸ್ ಡಬ್ಬಿಯೊಡನೆ. ಮರಿಗಳನ್ನು ನೋಡಲು ಮೊದಲು ಬಾಗಿದವನು ಅವನೇ. ಕಪ್ಪಿ ಅವನ ಕೈಗೊಂದು ಕುಕ್ಕು ಕೊಟ್ಟಿತು.

ಮೀನು ಮಾಡಿ ಮುಗಿಯಿತು. ಕತ್ತಿ ತೊಳೆಯುತ್ತಾ ಫೆಲಿಕ್ಸ್ ಕೇಳಿದ, ಹಳೆಯದೆಲ್ಲ ಮರೆತವನಂತೆ: "ಅಂತೂ ಕಳ್ಳ ಸಿಕ್ಕಿದನಾ ಶಶಿಯಕ್ಕ?"

ಶಶಿ ಅವನ ಪಾಲಿನ ಕರುಳನ್ನು ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಅವನ ಕೈಗೆ ಕೊಟ್ಟಳು.

"ಕಳ್ಳ ಸಿಗಲಿಲ್ಲ ಫೆಲಿಕ್ಸಣ್ಣ. ಅವನನ್ನು ಊಟಕ್ಕೆ ಕರೆದವರು ಎಲ್ಲ ಸಿಕ್ಕಿದರು."